ಬೀಜಾಡಿಗೆ ಬರ್ತಿದೀವಿ, ಅಮ್ಮಂಗೆ ಮೊದ್ಲೇ ಹೇಳಿಡು

ಹ್ವಾಯ್ ಮಾರಾಯ,

ಹಾಸ್ಟೆಲ್ ಬಿಟ್ಟಾಗಿಂದ ನೀನು ಕುಂದಾಪುರದ ಪಕ್ಕದ ನಿಮ್ಮ ಬೀಜಾಡಿಗೆ ಬಾರೋ ಬಾರೋ ಅಂತ ಕರೀತಾನೇ ಇದೀಯ, ನಾನು ಬರ್ತೀನಿ ಬರ್ತೀನಿ ಅನ್ಕೊಂಡೇ ಹದಿನೆಂಟು ವರ್ಷ ತಳ್ಳಿದೆ. ಈ ಸಲ ನಿಜವಾಗ್ಲೂ ಬರ್ತಿದೀವಿ. ಫೆಬ್ರವರಿ ಮೊದಲ ವಾರ, ಸೋಮವಾರದಿಂದ ಗುರುವಾರ, ನಾವು ನಾಲ್ಕೇ ಜನ. ಫೋನಲ್ಲಿ ಹೇಳೋಣ ಅಂದ್ರೆ ನೀನು "ಆಯ್ತ್ ಆಯ್ತ್, ಬಾ" ಅಂದು ಇಟ್ಬಿಡ್ತೀಯ, ಅದಕ್ಕೇ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೇ ಹಾಕ್ತಿದೀನಿ, ನಮ್ಮಂಥ ಇನ್ಯಾರಿಗಾದ್ರೂ ನೆಂಟರ ಮನೆಗೆ ಕಳ್ಸೋಕೆ ಬೇಕಾಗ್ಬಹುದು.

ನನ್ನ ಮಗ ಪುಟ್ಟಂಗೆ ಈಗ ಒಂಬತ್ತು. ಆಟಿಸಂ ಅಂತ ಗೊತ್ತಾಗಿ ಆರು ವರ್ಷ ಆಯ್ತು ಅನ್ನೋದು ನಿಂಗೆ ಗೊತ್ತು. ಗೊತ್ತಿಲ್ದೇ ಇರೋದು ಏನಂದ್ರೆ ಮೂರು ವರ್ಷದ ಹಿಂದೆ ಒಂದ್ಸಲ ಸಮುದ್ರಕ್ಕೆ ಹೋಗ್ಬಂದ್ವಿ, ಯಾರಿಗೂ ಹೇಳಿರ್ಲಿಲ್ಲ. ಊರು, ರೆಸಾರ್ಟು ಹೆಸರು ಬೇಡ ಬಿಡು. ಡಿಸೆಂಬರ್ ಕೊನೇ ವಾರ ಹೋಗಿದ್ದೇ ಮೊದಲ ತಪ್ಪು. ರಾತ್ರಿ ಹನ್ನೊಂದರವರೆಗೆ ಡಿಜೆ, ಪುಟ್ಟ ಬಾತ್‌ರೂಮಲ್ಲಿ ಬಕೆಟ್ ಪಕ್ಕ ಕಿವಿ ಮುಚ್ಕೊಂಡು ಕೂತ್ಬಿಟ್ಟಿದ್ದ, ಇವಳು ಅಲ್ಲೇ ನೆಲಕ್ಕೆ ಟವೆಲ್ ಹಾಸ್ಕೊಂಡು ಅವನ ಜೊತೆ. ಮಾರನೇ ದಿನ ಬೀಚಲ್ಲಿ ಜೆಟ್‌ಸ್ಕೀ ಸದ್ದು, ಜನ, ಬಿಸಿ ಮರಳು ಎಲ್ಲಾ ಸೇರಿ ಅವನಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ, ಬಿದ್ದು ಹೊರಳಾಡಿದ, ಒಬ್ರು ನಿಂತು ನೋಡಿ "ಎರಡು ಬಿಟ್ರೆ ಸರಿ ಹೋಗ್ತಾನೆ ಸಾರ್" ಅಂತ ಪುಕ್ಕಟೆ ಸಲಹೆ ಕೊಟ್ಟು ಹೋದ್ರು.

ಅದಕ್ಕಿಂತ ಹೆದರಿಕೆ ಆಗಿದ್ದು ಅವತ್ತು ಸಂಜೆ. ನಾನು ಚಪ್ಪಲಿ ಎತ್ಕೊಳ್ಳೋಕೆ ಬಗ್ಗಿದೆ ಅಷ್ಟೇ. ತಲೆ ಎತ್ತೋ ಹೊತ್ತಿಗೆ ಪುಟ್ಟ ನೀರೊಳಗೆ ಹೋಗ್ತಿದ್ದ. ಓಡ್ತಾ ಇರ್ಲಿಲ್ಲ ಕಣೋ, ನಮ್ಮನೆ ಹಾಲಿಂದ ರೂಮಿಗೆ ಹೋಗ್ತಾನಲ್ಲ, ಹಾಗೆ ನಡ್ಕೊಂಡು ಹೋಗ್ತಿದ್ದ, ಸೊಂಟದವರೆಗೆ ನೀರು ಬಂದಿತ್ತು. ಇವಳು ಚೂಡಿದಾರಲ್ಲೇ ನುಗ್ಗಿ ಕಾಲರ್ ಹಿಡಿದು ಎಳೆದ್ಲು. ಇಂಥ ಎಷ್ಟೋ ಮಕ್ಕಳಿಗೆ ನೀರು ಅಂದ್ರೆ ಸೆಳೆತ, ಅಪಾಯ ಅನ್ನೋದು ಮಾತ್ರ ತಲೆಗೆ ಹೋಗಲ್ಲ. ಅವತ್ತು ಅವನು ಹಾಕಿದ್ದಿದ್ದು ನೀಲಿ ಟೀ ಶರ್ಟು, ಸಮುದ್ರದ ಬಣ್ಣದ್ದೇ. ಆಮೇಲಿಂದ ನೀರಿರೋ ಕಡೆ ಕಿತ್ತಳೆ ಬಣ್ಣ ಬಿಟ್ಟು ಬೇರೆ ಹಾಕ್ಸಿಲ್ಲ.

ಮತ್ಯಾಕೆ ಬರ್ತೀರ ಅಂತೀಯಾ? ಆ ಟ್ರಿಪ್ಪಿನ ಕೊನೇ ದಿನ ಬೆಳಿಗ್ಗೆ ಆರೂವರೆ, ಬೀಚಲ್ಲಿ ನಾವು ಬಿಟ್ರೆ ಯಾರೂ ಇಲ್ಲ, ನೀರು ಇಳಿದಿತ್ತು. ಗಟ್ಟಿ ಒದ್ದೆ ಮರಳಲ್ಲಿ ಸಣ್ಣ ಏಡಿಗಳು ತೂತು ಕೊರ್ಕೊಂಡು ಸುತ್ತಲೂ ಮರಳಿನ ಉಂಡೆ ಮಾಡಿ ಇಡ್ತವಲ್ಲ, ಸಾಸಿವೆಗಿಂತ ಸ್ವಲ್ಪ ದಪ್ಪ, ಸಾಲು ಸಾಲು. ಮನೇಲಿ ಬಾಟಲಿ ಮುಚ್ಚಳ, ಬಟಾಣಿ, ಬಳಪ, ಎಲ್ಲಾ ಸಾಲಾಗಿ ಜೋಡಿಸೋನು ನಮ್ಮ ಪುಟ್ಟ. ಅವನು ಕುಕ್ಕುರುಗಾಲಲ್ಲಿ ಕೂತು ಒಂದು ಗಂಟೆ ಅದನ್ನೇ ನೋಡಿದ, ಒಂದು ಉಂಡೇನೂ ಮುಟ್ಲಿಲ್ಲ. ನಾನೂ ಇವಳೂ ಮಾತಾಡ್ದೇ ಕೂತಿದ್ವಿ. ಮದುವೆ ಆದ್ಮೇಲೆ ನಾವು ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ಅದೇ ಮೊದಲು ಇರ್ಬೇಕು.

ಹಾಗಾಗಿ ನಮಗೆ ಬೇಕಾಗಿರೋದು ಆ ಒಂದು ಗಂಟೆ, ದಿನಾ ಬೆಳಿಗ್ಗೆ. ನೀನು ಹಾಕಿಟ್ಟಿರೋ ಪ್ಲ್ಯಾನ್ ಇದೆಯಲ್ಲ, ಮುರುಡೇಶ್ವರ, ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್, ಸಂಜೆ ಉಡುಪಿ, ಅದನ್ನ ಹರಿದು ಬಿಸಾಕು. ಮರವಂತೆ ಚೆನ್ನಾಗಿದೆ, ಈ ಕಡೆ ಸೌಪರ್ಣಿಕಾ ಹೊಳೆ ಆ ಕಡೆ ಸಮುದ್ರ, ಆದ್ರೆ ಮಧ್ಯದಲ್ಲಿ 66ನೇ ನಂಬರ್ ಹೈವೇ ಲಾರಿಗಳು, ಬೇಡ. ಒಂದೇ ಒಂದು ದಿನ ಅವನು ಒಪ್ಪಿದ್ರೆ ಪಡುಬಿದ್ರಿ. 2020ರಲ್ಲಿ ನಮ್ಮ ರಾಜ್ಯದ ಎರಡು ಬೀಚಿಗೆ ಸ್ವಚ್ಛ, ಸುರಕ್ಷಿತ ಬೀಚು ಅಂತ ಕೊಡೋ ಬ್ಲೂ ಫ್ಲ್ಯಾಗ್ ಸಿಕ್ತಲ್ಲ, ಹೊನ್ನಾವರದ ಕಾಸರಕೋಡು ಒಂದು, ಇದೊಂದು. ಅಲ್ಲಿ ಟಾಯ್ಲೆಟ್ಟು, ಸಿಹಿನೀರಿನ ಶವರ್ರು, ಲೈಫ್‌ಗಾರ್ಡ್ ಇರೋದ್ರಿಂದ ನಮ್ಮಂಥವರಿಗೆ ಉಸಿರಾಡೋಕೆ ಜಾಗ. ಉಪ್ಪುನೀರು ಮೈಮೇಲೆ ಒಣಗಿ ಬಿಗಿಯೋದು ಅವನಿಗೆ ಆಗಲ್ಲ, ಒದ್ದೆ ಚಡ್ಡಿ ಅಂತೂ ಎರಡು ನಿಮಿಷ ಇಟ್ಕೊಳ್ಳಲ್ಲ.

ನೀನು ಕೋಟೇಶ್ವರದ ಕೊಡಿ ಹಬ್ಬಕ್ಕೆ ಬಾ ಅಂದಾಗ ಮಾತು ಹಾರ್ಸಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ತೇರು, ಕಬ್ಬಿನ ಕೊಡಿ ಹಿಡ್ಕೊಂಡು ಹೋಗೋ ಹೊಸ ಜೋಡಿಗಳು, ನಂಗೂ ನೋಡ್ಬೇಕು ಅಂತಿದೆ. ಇನ್ನೊಂದ್ಸಲ ನಾನೊಬ್ನೇ ಬರ್ತೀನಿ. ಫೆಬ್ರವರೀಲೂ ಆ ನಾಲ್ಕು ದಿನ ಅಕ್ಕಪಕ್ಕ ಹರಕೆ ಯಕ್ಷಗಾನದ ಆಟ ಇದೆಯಾ, ಢಂ ಅನ್ನೋ ಗರ್ನಾಲು ಪಟಾಕಿ ಹೊಡೆಯೋ ಉತ್ಸವ ಏನಾದ್ರೂ ಇದೆಯಾ ಅಂತ ವಿಚಾರಿಸು, ಇದ್ರೆ ವಾರ ಬದಲಾಯಿಸ್ತೀವಿ. ದೂರದ ಚಂಡೆ ಪರವಾಗಿಲ್ಲ, ಗರ್ನಾಲು ಬೇಡ್ವೇ ಬೇಡ.

ಈಗ ಕಷ್ಟದ ವಿಷಯ, ಅಮ್ಮ. ಅವರ ಕೈ ಅಡುಗೆ ಹಾಸ್ಟೆಲ್ಲಿಗೆ ಬರ್ತಿದ್ದ ಡಬ್ಬಿಯಿಂದ್ಲೇ ನಂಗೆ ಗೊತ್ತು, ಮನೆಗೆ ಬಂದೋರು ಉಣ್ಣದೇ ಎದ್ರೆ ಅವರಿಗೆ ನಿದ್ದೆ ಬರಲ್ಲ ಅಂತಾನೂ ಗೊತ್ತು. ಪುಟ್ಟ ತಿನ್ನೋದು ಬಿಳೀದು, ಮೆತ್ತಗಿರೋದು ಅಷ್ಟೇ. ಕುಚ್ಚಲಕ್ಕಿ ಅನ್ನ ನೋಡಿದ್ರೆ ತಟ್ಟೆ ಪಕ್ಕಕ್ಕೆ ತಳ್ತಾನೆ, ಅದಕ್ಕೆ ನಮ್ಮ ಅಕ್ಕಿ ನಾವೇ ತರ್ತೀವಿ, ಅವರು ಬೇಜಾರು ಮಾಡ್ಕೋಬಾರ್ದು. ನೀರುದೋಸೆ ಮೇಲೆ ಮಾತ್ರ ನಂಗೆ ತುಂಬಾ ಆಸೆ ಇದೆ, ಬಿಳೀದೇ ಮೆತ್ತಗೇ ಅಲ್ವಾ. ಚಟ್ನಿ ತಟ್ಟೆಗೆ ತಾಗಬಾರ್ದು ಅಷ್ಟೇ. "ಎಂತ ಮಗಾ, ಉಂಬುದಿಲ್ಯಾ?" ಅಂತ ಗಲ್ಲ ಹಿಡ್ಕೊಂಡು ಕೇಳೋದು ಬೇಡ, ಅವನು ಉತ್ತರ ಕೊಡ್ದೇ ಇದ್ರೆ ಸೊಕ್ಕಲ್ಲ. ಬೆಳಿಗ್ಗೆ ತೆಂಗಿನಕಾಯಿ ಮಸಾಲೆ ಅರೆಯೋಕೆ ಮಿಕ್ಸಿ ಹಾಕೋ ಮುಂಚೆ ಒಂದು ಕೂಗು ಹಾಕಿದ್ರೆ ಸಾಕು, ನಾವು ಅವನನ್ನ ಹೊರಗೆ ಕರ್ಕೊಂಡು ಹೋಗ್ತೀವಿ. ಮತ್ತೆ ನೆರೆಮನೆಯೋರು "ಕೊಲ್ಲೂರಿಗೆ ಕರ್ಕಂಡ್ ಹೋಯ್ನಿ, ಮಾತು ಬತ್ತ್" ಅಂತ ಹೇಳೇ ಹೇಳ್ತಾರೆ, ಪ್ರೀತಿಯಿಂದ್ಲೇ ಹೇಳ್ತಾರೆ, ನಾವು ಎರಡು ಸಲ ಹೋಗಿ ಬಂದಿದೀವಿ ಅಂದ್ಬಿಡು. ಅವನಿಗೆ ಅಲ್ಲಿ ಇಷ್ಟ ಆಗಿದ್ದು ಹೊಳೆ.

ಹೊಳೆ ಅಂದ್ನಲ್ಲ, ನಿಮ್ಮ ಅಂಗಳದ ಬಾವಿ. ಕಟ್ಟೆ ಎಷ್ಟು ಎತ್ತರ ಇದೆ ನಂಗೆ ನೆನಪಿಲ್ಲ. ಮೇಲೆ ಕಬ್ಬಿಣದ ಜಾಲರಿ ಇಲ್ದಿದ್ರೆ ನಾವು ಬರೋ ಮುಂಚೆ ಹಾಕ್ಸು, ಖರ್ಚು ನಂದು, ಜಗಳ ಆಡ್ಬೇಡ. ಸಮುದ್ರದ ಕಡೆ ಗೇಟಿಗೆ ಮೇಲ್ಗಡೆ ಒಂದು ಚಿಲಕ. ನೀರಿನ ಹತ್ರ ಒಬ್ಬರ ಹೆಸರು ಹೇಳಿ ಪಾಳಿ, ಅರ್ಧರ್ಧ ಗಂಟೆ, "ಈಗ ನಿಂದು" ಅಂತ ಬಾಯಿಬಿಟ್ಟು ಹೇಳಿ ಒಪ್ಪಿಸ್ಬೇಕು. ಎಲ್ರೂ ನೋಡ್ಕೊಳ್ತಿದಾರೆ ಅಂದಾಗ್ಲೇ ಯಾರೂ ನೋಡ್ತಿರಲ್ಲ, ಅವತ್ತು ಆಗಿದ್ದೂ ಅದೇ.

ಬರೋದು ರೈಲಲ್ಲಿ, ಪಂಚಗಂಗಾ. ಸಂಜೆ ಬೆಂಗಳೂರು ಬಿಟ್ರೆ ಬೆಳಗಾಗೋ ಹೊತ್ತಿಗೆ ಕುಂದಾಪುರ. ಸಕಲೇಶಪುರ ಸುಬ್ರಹ್ಮಣ್ಯ ಮಧ್ಯದ 57 ಸುರಂಗಾನೂ ಅವನು ನಿದ್ದೇಲೇ ದಾಟ್ತಾನೆ, ರೈಲಿನ ತೂಗಾಟ ಅವನಿಗೆ ತೊಟ್ಟಿಲು. ಕಾರಲ್ಲಿ ಘಾಟಿ ಅಂದ್ರೆ ವಾಂತಿ, ಅದು ಅವನಿಗಲ್ಲ, ನಂಗೆ.

ಇನ್ನೊಂದು ತಲೆನೋವು ಹೇಳ್ತೀನಿ, ನೀನು ಸಮುದ್ರದ ಪಕ್ಕ ಬೆಳೆದೋನು, ಉಪಾಯ ಹೇಳು. ಪುಟ್ಟಂಗೆ ದಿನದ ಕೆಲಸ ಎಲ್ಲಾ ಚಿತ್ರದ ಕಾರ್ಡಲ್ಲಿ ಇರ್ಬೇಕು, ಹಲ್ಲುಜ್ಜೋದು, ದೋಸೆ, ಸಮುದ್ರ, ಸ್ನಾನ, ಹೀಗೆ, ಹೊತ್ತು ತಪ್ಪಬಾರ್ದು. ಆದ್ರೆ ಸಮುದ್ರದ ನೀರು ಇಳಿಯೋ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆ ಮೇಲೇ ಮುಂದೆ ಹೋಗತ್ತಲ್ಲ. ಸೋಮವಾರ ಆರೂವರೆಗೆ ಏಡಿ ಕಂಡ್ರೆ ಗುರುವಾರ ಅದೇ ಹೊತ್ತಿಗೆ ಅಲ್ಲಿ ನೀರು ಇರತ್ತೆ. ಪುಟ್ಟನ ಓಟಿ (ಆಕ್ಯುಪೇಷನಲ್ ಥೆರಪಿ) ಮೇಡಂ ಗಡಿಯಾರ ಬಿಟ್ಟು "ನೀರು ಹಿಂದೆ ಹೋಯ್ತು" ಅಂತ್ಲೇ ಒಂದು ಕಾರ್ಡ್ ಮಾಡಿ ಅಂದ್ರು. ಅದಕ್ಕೆ ನಿನ್ನಿಂದ ಫೋಟೋ ಬೇಕು. ಒಂದೇ ಜಾಗದಲ್ಲಿ ನಿಂತು ಎರಡು, ನೀರು ಹತ್ರ ಇದ್ದಾಗ ಒಂದು, ದೂರ ಇದ್ದಾಗ ಒಂದು. ಜೊತೆಗೆ ಗೇಟು, ನಾವು ಮಲಗೋ ರೂಮು, ಬಾತ್‌ರೂಮು, ಮರಳಿಗೆ ಇಳಿಯೋ ದಾರಿ, ಅಮ್ಮ, ನೀನು. ಮುಖ ಸರಿಯಾಗಿ ಕಾಣ್ಬೇಕು, ಕೂಲಿಂಗ್ ಗ್ಲಾಸ್ ಬೇಡ. ಜೆರಾಕ್ಸ್ ಅಂಗಡೀಲಿ ಲ್ಯಾಮಿನೇಟ್ ಮಾಡ್ಸಿ ಈಗಿಂದ್ಲೇ ದಿನಾ ರಾತ್ರಿ ಕಥೆ ಥರ ಹೇಳ್ಬೇಕು, ಹಾಗಾದ್ರೆ ನಿಮ್ಮನೆಗೆ ಬರೋ ಹೊತ್ತಿಗೆ ಅವನಿಗೆ ಅದು ನೋಡಿರೋ ಮನೆ.

ಕೊನೇದು. ಅವನು ಮಾತಾಡೋದು ಕಮ್ಮಿ, ಮೆಟ್ರೋ ಅನೌನ್ಸ್‌ಮೆಂಟ್ ಮಾತ್ರ ಚೆನ್ನಾಗಿ ಹೇಳ್ತಾನೆ. "ಮುಂದಿನ ನಿಲ್ದಾಣ ಬನಶಂಕರಿ" ಅಂದ ಅಂದ್ರೆ ಅವನಿಗೆ ಸಾಕಾಯ್ತು, ಮನೆಗೆ ಹೋಗೋಣ ಅಂತ ಅರ್ಥ. ಅದನ್ನ ಕೇಳಿ ನಗ್ಬಹುದು, ಆದ್ರೆ ಇನ್ನೈದು ನಿಮಿಷ ಇರೋಣ ಅಂತ ಯಾರೂ ಹೇಳ್ಬಾರ್ದು, ಸೂರ್ಯ ಮುಳುಗ್ತಾ ಇದ್ರೂ ಅಷ್ಟೇ, ಎದ್ದು ಹೊರಡೋದೇ.

ಫೋಟೋ ಭಾನುವಾರದೊಳಗೆ ಕಳ್ಸು. ಬಾವೀದು ಮೊದಲು.

ನಿನ್ನ ಹಳೇ ರೂಮ್‌ಮೇಟು