ಗೂಬೆ ಮನೆಯ ಭೇಟಿಯಲ್ಲಿ ಮಾಡಿರುವ ಬದಲಾವಣೆ ಕುರಿತು ನಮ್ಮ ಪ್ರವಾಸಿಗರಿಗೆ

ಮಾನ್ಯರೇ,

ನಮ್ಮ ಸಹಕಾರ ಸಂಘದ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೆಸರು ಬರೆಸಿ ಮುಂಗಡ ಕಟ್ಟಿರುವ ಎಲ್ಲರಿಗೂ ನಮಸ್ಕಾರಗಳು. ಬರುವ ಏಪ್ರಿಲ್ ತಿಂಗಳ ತಂಡದಿಂದ ಮೊದಲುಗೊಂಡು, ಪೂರ್ವ ಕೇಪ್ ಪ್ರಾಂತ್ಯದ ನ್ಯೂ ಬೆಥೆಸ್ಡಾ ಹಳ್ಳಿಯಲ್ಲಿರುವ ‘ಔಲ್ ಹೌಸ್’, ಅಂದರೆ ಹೆಲೆನ್ ಮಾರ್ಟಿನ್ಸ್ ಎಂಬ ಕಲಾವಿದೆ ಗಾಜಿನ ಪುಡಿಯಿಂದಲೂ ಮೂರ್ತಿಗಳಿಂದಲೂ ಅಲಂಕರಿಸಿದ ಗೂಬೆ ಮನೆಯ ಭೇಟಿಯ ಕ್ರಮವನ್ನು ಬದಲಿಸಿದ್ದೇವೆ. ಇದುವರೆಗೆ ಗ್ರಾಫ್ ರೈನೆಟ್ ಪಟ್ಟಣದಲ್ಲಿ ಎರಡು ರಾತ್ರಿ ತಂಗಿ, ನಡುವೆ ಒಂದು ಮಧ್ಯಾಹ್ನ ಈ ಮನೆಯನ್ನು ನೋಡಿ ಹಿಂದಿರುಗುತ್ತಿದ್ದೆವು. ಇನ್ನು ಮುಂದೆ ಪಟ್ಟಣದಲ್ಲಿ ಒಂದು ರಾತ್ರಿ, ಹಳ್ಳಿಯಲ್ಲಿ ಒಂದು ರಾತ್ರಿ ತಂಗುತ್ತೇವೆ. ಮನೆಯನ್ನು ಒಂದು ಬಾರಿಯ ಬದಲು ಎರಡು ಬಾರಿ, ಸಂಜೆ ಮತ್ತು ಮರುದಿನ ಬೆಳಗ್ಗೆ ನೋಡುತ್ತೇವೆ. ಒಳಗೆ ಒಮ್ಮೆಗೆ ಎಂಟು ಜನಕ್ಕಿಂತ ಹೆಚ್ಚು ಹೋಗುವುದಿಲ್ಲ. ಪ್ರವಾಸದ ವೆಚ್ಚದಲ್ಲೂ ಇದರಿಂದ ವ್ಯತ್ಯಾಸವಾಗಿದೆ. ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಕಳೆದ ಬಾರಿ ನಮ್ಮ ತಂಡದ ಇಪ್ಪತ್ತೆರಡು ಮಂದಿಯೂ ಒಟ್ಟಿಗೆ ಒಳಗೆ ಹೋದೆವು. ಆ ಮನೆಯ ಕೋಣೆಗಳು ಚಿಕ್ಕವು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವಾಗ ಹೆಗಲ ಚೀಲವೊಂದು ಗೋಡೆಗೆ ಉಜ್ಜಿ, ಅಂಟಿಸಿದ್ದ ಗಾಜಿನ ಪುಡಿ ಅಕ್ಕಿನುಚ್ಚಿನಂತೆ ನೆಲಕ್ಕೆ ಉದುರಿತು. ಅಲ್ಲಿ ನೋಡಿಕೊಳ್ಳುತ್ತಿದ್ದವರು ಒಂದು ಮಾತನ್ನೂ ಆಡದೆ ಅದನ್ನು ಕಾಗದದ ಮೇಲೆ ಬಳಿದು ಎತ್ತಿಟ್ಟುಕೊಂಡರು. ತಪ್ಪು ಚೀಲ ಹಿಡಿದಿದ್ದವರದಲ್ಲ, ಅಷ್ಟು ಜನರನ್ನು ಒಮ್ಮೆಲೇ ಒಳಗೆ ಬಿಟ್ಟ ನಮ್ಮದು. ಆ ದಿನವೇ ಈ ವ್ಯವಸ್ಥೆಯನ್ನು ಬದಲಿಸಬೇಕೆಂದು ನಿಶ್ಚಯಿಸಿದೆವು.

ಆ ಮನೆ ಯಾರದು, ಅಲ್ಲಿ ಏನಿದೆ ಎಂಬುದನ್ನು ತಿಳಿದರೆ ನಮ್ಮ ನಿರ್ಧಾರ ನಿಮಗೆ ಒಪ್ಪಿಗೆಯಾಗಬಹುದು. ಹೆಲೆನ್ ಮಾರ್ಟಿನ್ಸ್ 1897ರ ಡಿಸೆಂಬರ್ 23ರಂದು ಇದೇ ಹಳ್ಳಿಯಲ್ಲಿ ಹುಟ್ಟಿದವರು. ಗ್ರಾಫ್ ರೈನೆಟ್‌ನಲ್ಲಿ ಶಿಕ್ಷಕಿಯ ತರಬೇತಿ ಪಡೆದರು; ಮದುವೆಯಾಗಿ, ಅದು ಮುರಿದು, ಮುಪ್ಪಿನ ತಂದೆ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದರು. ಚಿತ್ರಕಲೆಯನ್ನಾಗಲಿ ಶಿಲ್ಪವನ್ನಾಗಲಿ ಯಾರ ಬಳಿಯೂ ಕಲಿತವರಲ್ಲ. 1941ರಲ್ಲಿ ತಾಯಿ, 1945ರಲ್ಲಿ ತಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ ಉಳಿದರು. ಒಂದು ರಾತ್ರಿ ಕಾಯಿಲೆಯಿಂದ ಮಲಗಿದ್ದಾಗ ಕಿಟಕಿಯಿಂದ ಬೆಳದಿಂಗಳು ಒಳಗೆ ಬಿದ್ದದ್ದನ್ನು ಕಂಡು, ತಮ್ಮ ಬದುಕು ಎಷ್ಟು ಮಂಕಾಗಿದೆ ಎಂದು ಅನ್ನಿಸಿ, ಮನೆಗೆ ಬೆಳಕು ತರುವ ಕೆಲಸಕ್ಕೆ ತೊಡಗಿದರೆಂದು ಅಲ್ಲಿ ಹೇಳುತ್ತಾರೆ. ಬಾಟಲಿಗಳನ್ನು ಒಡೆದು, ಕಾಫಿಬೀಜ ಬೀಸುವ ಯಂತ್ರದಲ್ಲಿ ಗಾಜನ್ನು ಪುಡಿ ಮಾಡಿ, ಬಣ್ಣ ಬಣ್ಣವಾಗಿ ವಿಂಗಡಿಸಿ ಗೋಡೆ ಮತ್ತು ಒಳಮಾಡಿಗೆ ಅಂಟಿಸಿದರು. ಕಿಟಕಿಗಳಿಗೆ ಕೆಂಪು, ಹಸಿರು, ಹಳದಿ ಗಾಜುಗಳನ್ನು ಕೂಡಿಸಿದರು. ಸೂರ್ಯ, ಚಂದ್ರ, ನಕ್ಷತ್ರ, ಹೃದಯದ ಆಕಾರದ ಕನ್ನಡಿಗಳನ್ನು ಬೆಳಕು ಒಂದರಿಂದ ಇನ್ನೊಂದಕ್ಕೆ ಹಾರುವಂತೆ ತೂಗುಹಾಕಿದರು. ಅವರು ವಿಂಗಡಿಸಿಟ್ಟ ಗಾಜಿನ ಪುಡಿ ಇಂದಿಗೂ ಉಗ್ರಾಣದ ಹಲಗೆಗಳ ಮೇಲೆ ಭರಣಿಗಳಲ್ಲಿದೆ. ನಮ್ಮಜ್ಜಿಯರ ಅಡುಗೆಮನೆಯಲ್ಲಿ ಬೇಳೆಕಾಳುಗಳ ಸಾಲು ಇದ್ದ ಹಾಗೆಯೇ ಆ ಸಾಲು ಕಾಣುತ್ತದೆ.

ಇಷ್ಟನ್ನು ನಡುಹಗಲಿನಲ್ಲಿ ಐವತ್ತು ನಿಮಿಷ ನೋಡಿ ಹೊರಟರೆ ಮನೆಯನ್ನು ನೋಡಿದಂತೆ ಆಗುವುದಿಲ್ಲ. ನೆತ್ತಿಯ ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಗೋಡೆಗಳು ಬರೀ ಒರಟಾಗಿ ಕಾಣುತ್ತವೆ. ಕಳೆದ ವರ್ಷ ನಮ್ಮವರಿಬ್ಬರು ಸಂಜೆಯವರೆಗೂ ಉಳಿದಾಗ, ಇಳಿಬಿಸಿಲು ಬಣ್ಣದ ಗಾಜಿನಿಂದ ಓರೆಯಾಗಿ ಬಿದ್ದು, ಒಂದು ಕೋಣೆಯ ಒಳಮಾಡು ತುಂಬ ಹಸಿರು ಕಿಡಿಗಳು ಎದ್ದುದನ್ನು ಕಂಡರು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಕಿಡಿಗಳೂ ಸರಿಯುತ್ತಿದ್ದವು. ಆ ಬೆಳಕನ್ನು ನಿಮಗೆ ತೋರಿಸದೆ ಕರೆದುಕೊಂಡು ಬರುತ್ತಿದ್ದೆವಲ್ಲ ಎಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಬೆಳಗಿನ ಭೇಟಿಯನ್ನು ಹಿತ್ತಲಿಗಾಗಿ ಇಟ್ಟಿದ್ದೇವೆ. ಒಂಟೆಗಳ ಅಂಗಳ ಎಂದು ಕರೆಯುವ ಅಲ್ಲಿ ಸಿಮೆಂಟು, ತಂತಿ ಮತ್ತು ಗಾಜಿನಿಂದ ಮಾಡಿದ 300ಕ್ಕೂ ಹೆಚ್ಚು ಮೂರ್ತಿಗಳಿವೆ. ಒಂಟೆಗಳೂ ಯೇಸುವಿನ ಜನನದ ಕಥೆಯಲ್ಲಿ ಬರುವ ಜ್ಞಾನಿಗಳೂ ಪೂರ್ವ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಹೊರಟಿದ್ದಾರೆ. ಬಾಟಲಿಗಳನ್ನೇ ಲಂಗವಾಗಿ ಉಟ್ಟ ಹೆಂಗಸರು ಬಂದವರನ್ನು ಎದುರುಗೊಳ್ಳುತ್ತಾರೆ. ‘ಇದು ನನ್ನ ಲೋಕ’ ಎಂಬ ಇಂಗ್ಲಿಷ್ ಮಾತು ತಂತಿಯ ಅಕ್ಷರಗಳಲ್ಲಿದೆ. ಇವುಗಳಲ್ಲಿ ಬಹುಪಾಲನ್ನು ಕೈಯಾರೆ ಮಾಡಿದವರು ಕೂಸ್ ಮಾಲ್ಗಾಸ್ ಎಂಬುದನ್ನು ನಮ್ಮ ಹಳೆಯ ಕರಪತ್ರದಲ್ಲಿ ಬರೆದಿರಲಿಲ್ಲ. ಅದು ದೊಡ್ಡ ಲೋಪ. ಹೊಸ ಕರಪತ್ರದಲ್ಲಿ ತಿದ್ದಿದ್ದೇವೆ. ಕುರಿಯ ಉಣ್ಣೆ ಕತ್ತರಿಸಿ ಜೀವನ ಸಾಗಿಸುತ್ತಿದ್ದ ಅವರು 1964ರಿಂದ ಸುಮಾರು ಹನ್ನೆರಡು ವರ್ಷ ಹೆಲೆನ್ ಅವರ ಕಲ್ಪನೆಗೆ ರೂಪ ಕೊಟ್ಟರು. ವರ್ಣಭೇದದ ಕಾನೂನು ಜಾರಿಯಲ್ಲಿದ್ದ ಆ ಕಾಲದಲ್ಲಿ ಬಿಳಿಯ ಹೆಂಗಸೊಬ್ಬರು ಮತ್ತು ಬಿಳಿಯರಲ್ಲದ ಗಂಡಸೊಬ್ಬರು ದಿನವಿಡೀ ಜೊತೆಯಲ್ಲಿ ಕೆಲಸ ಮಾಡುವುದನ್ನು ಊರು ಸಹಿಸುವುದು ಸುಲಭವಿರಲಿಲ್ಲ. ಕಣ್ಣಿನ ದೃಷ್ಟಿ ಕುಂದುತ್ತ ಬಂದ ಹೆಲೆನ್ 1976ರ ಆಗಸ್ಟ್‌ನಲ್ಲಿ, 78ನೇ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮನೆಯನ್ನು ಹಾಗೆಯೇ ಉಳಿಸಬೇಕೆಂಬುದು ಅವರ ಆಸೆಯಾಗಿತ್ತು. 1991ರಲ್ಲಿ ಮಾಲ್ಗಾಸ್ ಮರಳಿ ಬಂದು, ಮಳೆ ಬಿಸಿಲಿಗೆ ಬಿರುಕು ಬಿಟ್ಟಿದ್ದ ಮೂರ್ತಿಗಳನ್ನು ದುರಸ್ತಿ ಮಾಡಿದರು. 2000ದಲ್ಲಿ ಅವರೂ ತೀರಿಕೊಂಡರು. 1996ರಿಂದ ಈ ಮನೆಗಾಗಿಯೇ ಒಂದು ಪ್ರತಿಷ್ಠಾನವಿದೆ. ಮಕ್ಕಳನ್ನು ಕರೆತರುವವರು ಹೆಲೆನ್ ಅವರ ಸಾವಿನ ವಿಷಯವನ್ನು ಎಷ್ಟು ಹೇಳಬೇಕೆಂದು ಮುಂಚಿತವಾಗಿ ತಿಳಿಸಿದರೆ ನಮ್ಮ ಮಾರ್ಗದರ್ಶಿ ಅದಕ್ಕೆ ತಕ್ಕಂತೆ ಮಾತನಾಡುತ್ತಾರೆ.

ಗೂಬೆಯ ಹೆಸರು ಕೇಳಿ ಕೆಲವರು ಹಿಂಜರಿದದ್ದೂ ನಮಗೆ ಗೊತ್ತು. ಗೂಬೆ ಮನೆಯ ಮೇಲೆ ಕೂತರೆ ಕೇಡು ಎಂಬ ಮಾತು ಕೇಳಿಯೇ ನಾವೂ ಬೆಳೆದಿದ್ದೇವೆ. ಹೆಲೆನ್ ಅವರಿಗೆ ಗೂಬೆ ಅತ್ಯಂತ ಪ್ರಿಯವಾದ ಹಕ್ಕಿ; ಅದಕ್ಕಾಗಿಯೇ ಅಷ್ಟೊಂದು ಗೂಬೆ ಮೂರ್ತಿಗಳನ್ನು ಮಾಡಿಸಿದ್ದರು. ಮನಸ್ಸಿಗೆ ಒಪ್ಪದವರು ಆ ಹೊತ್ತನ್ನು ಹಳ್ಳಿಯಲ್ಲಿ ಕಳೆಯಬಹುದು, ಯಾರನ್ನೂ ಒತ್ತಾಯಿಸುವುದಿಲ್ಲ.

ಹಳ್ಳಿ ಗ್ರಾಫ್ ರೈನೆಟ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕರೂ ಎಂಬ ಬರಡು ಸೀಮೆಯಲ್ಲಿ, ಕಾಂಪಸ್‌ಬರ್ಗ್ ಬೆಟ್ಟದ ಬುಡದಲ್ಲಿದೆ. ಒಳಬೀದಿಗಳು ಮಣ್ಣಿನವು, ಬೀದಿದೀಪಗಳಿಲ್ಲ; ಬೀದಿಯ ಪಕ್ಕದ ಕಿರುಗಾಲುವೆಗಳಲ್ಲಿ ತೋಟಗಳಿಗೆ ನೀರು ಹಾಯುತ್ತದೆ. ಪ್ರತಿಯೊಬ್ಬರೂ ಟಾರ್ಚ್ ತರಬೇಕು. ನಮ್ಮಲ್ಲಿ ಬೇಸಿಗೆಯಾದರೂ ಅಲ್ಲಿ ಆಗ ಚಳಿಗಾಲ ಹತ್ತಿರವಾಗಿರುತ್ತದೆ, ಆದ್ದರಿಂದ ಸ್ವೆಟರ್ ಮತ್ತು ಕಾಲುಚೀಲ ಅಗತ್ಯ. ಊಟದ ಬಗ್ಗೆ ಚಿಂತೆ ಬೇಡ. ತಂಗುವ ಮನೆಯವರಿಗೆ ಸಸ್ಯಾಹಾರದ ವಿಷಯ ತಿಳಿಸಿದ್ದೇವೆ, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಯನ್ನು ನಾವೇ ಒಯ್ಯುತ್ತೇವೆ.

ಮನೆಯೊಳಗೆ ಹೋಗುವಾಗ ಎಲ್ಲ ಚೀಲಗಳನ್ನೂ ವ್ಯಾನಿನಲ್ಲಿಯೇ ಬಿಡಬೇಕು, ಗೋಡೆಯನ್ನು ಮುಟ್ಟಬಾರದು. ಎಂಟು ಜನರ ತಂಡ ಒಳಗಿರುವಾಗ ಉಳಿದವರು ಅಂಗಳದಲ್ಲಿರುತ್ತಾರೆ.

ಹಳ್ಳಿಯ ವಾಸ್ತವ್ಯ, ಎರಡನೆಯ ಪ್ರವೇಶ ಮತ್ತು ಇನ್ನೊಬ್ಬ ಮಾರ್ಗದರ್ಶಿಯ ಖರ್ಚು ಸೇರಿ ತಲಾ 6,500 ರೂಪಾಯಿ ಹೆಚ್ಚಾಗುತ್ತದೆ. ಇದರಲ್ಲಿ ಸಂಘಕ್ಕೆ ಲಾಭಾಂಶ ಇಟ್ಟುಕೊಂಡಿಲ್ಲ. ಈಗಾಗಲೇ ಪೂರ್ಣ ಹಣ ಕಟ್ಟಿರುವವರಿಂದ ಈ ಮೊತ್ತವನ್ನು ಕೇಳುವುದಿಲ್ಲ, ಸಂಘವೇ ಭರಿಸುತ್ತದೆ. ಮುಂಗಡ ಮಾತ್ರ ಕಟ್ಟಿರುವವರು ಬಾಕಿಯ ಜೊತೆಗೆ ಇದನ್ನೂ ಸೇರಿಸಿ ಕಟ್ಟಬೇಕಾಗಿ ವಿನಂತಿ. ಈ ಬದಲಾವಣೆ ಬೇಡವೆನಿಸಿ ಪ್ರವಾಸದಿಂದ ಹಿಂದೆ ಸರಿಯುವವರು ಈ ತಿಂಗಳ ಕೊನೆಯೊಳಗೆ ರಸೀದಿಯ ಪ್ರತಿಯೊಂದಿಗೆ ಬರೆದು ತಿಳಿಸಿದರೆ, ಮುಂಗಡವನ್ನು ಯಾವ ಕಡಿತವೂ ಇಲ್ಲದೆ ಹಿಂದಿರುಗಿಸುತ್ತೇವೆ. ಮಂಡಿನೋವು ಇರುವವರು, ಗಾಲಿಕುರ್ಚಿ ಬಳಸುವವರು ದಯವಿಟ್ಟು ಕಚೇರಿಗೆ ಫೋನ್ ಮಾಡಿ; ಅಂಗಳದಲ್ಲಿ ಮೂರ್ತಿಗಳ ನಡುವಿನ ದಾರಿ ಕಿರಿದಾಗಿರುವುದರಿಂದ ನಿಮಗಾಗಿ ಪ್ರತ್ಯೇಕ ಸಮಯ ಕೇಳಿಕೊಳ್ಳಲು ಪ್ರಯತ್ನಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಂಘದ ಆಡಳಿತ ಮಂಡಳಿಯ ಪರವಾಗಿ