ಯಂತ್ರಧಾರೆಯಲ್ಲಿ ಎತ್ತಿನ ಜೋಡಿಯೂ ಬಾಡಿಗೆಗೆ ಸಿಗಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಗದ್ದೆಗಳಿಗೆ ಟಿಲ್ಲರ್, ಟ್ರ್ಯಾಕ್ಟರ್ ಬಂದಿರುವುದಕ್ಕೆ ನನ್ನ ತಕರಾರಿಲ್ಲ. ಆಳು ಸಿಗದ, ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಯಂತ್ರವಿಲ್ಲದಿದ್ದರೆ ನಾಟಿಯೇ ನಡೆಯುತ್ತಿರಲಿಲ್ಲ. ಆದರೆ ಎಲ್ಲ ಗದ್ದೆಗೂ ಯಂತ್ರವೇ ಸಾಕೆಂದು ಎಣಿಸಿ ಉಳುಮೆಯ ಸಹಾಯಧನವನ್ನು ಅದರ ಕಡೆಗೇ ಹರಿಸುತ್ತಿರುವುದರಿಂದ, ಯಂತ್ರ ಇಳಿಯಲಾರದ ಗದ್ದೆಗಳು ಪಾಳು ಬೀಳುತ್ತಿವೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡಗಳ ನಡುವೆ ಮೆಟ್ಟಿಲಾಗಿ ಇಳಿಯುವ ಗದ್ದೆಗಳಿಗೆ ಹೋಗಬೇಕೆಂದರೆ ಎಷ್ಟೋ ಕಡೆ ನೆರೆಯವರ ಅಂಚನ್ನೇ ದಾಟಬೇಕು. ನಮ್ಮ ಊರಿನ ಒರತೆ ಗದ್ದೆಯೊಂದರಲ್ಲಿ ಕಳೆದ ಮಳೆಗಾಲ ಬಾಡಿಗೆಗೆ ತಂದ ಟ್ರ್ಯಾಕ್ಟರ್ ಅಚ್ಚಿನವರೆಗೆ ಹೂತು, ಅದನ್ನು ಹಲಗೆ ಕೊಟ್ಟು ಎಬ್ಬಿಸುವ ಹೊತ್ತಿಗೆ ಅಂಚು ಒಡೆದು, ನೀರೆಲ್ಲ ಕೆಳಗಿನವರ ಹೊಸ ನಾಟಿಯ ಮೇಲೆ ಹರಿಯಿತು. ಭಾರದ ಗಾಲಿ ಕೆಸರಿನಡಿಯ ಗಟ್ಟಿ ಪದರವನ್ನು ಕಲಕಿದರೆ ಗದ್ದೆಯಲ್ಲಿ ನೀರು ನಿಲ್ಲುವುದೂ ಕಷ್ಟ. ಮಲೆನಾಡು ಗಿಡ್ಡ ಎಂಬ ಸಣ್ಣ ದೇಸಿ ತಳಿಯ ಹಗುರ ಎತ್ತುಗಳು ಇಂಥ ಕೆಸರಿನಲ್ಲಿ ಹೂತುಹೋಗದೆ ನಡೆದು, ಗದ್ದೆಯ ಮೂಲೆಯವರೆಗೂ ನೇಗಿಲು ಎಳೆಯುತ್ತವೆ.

ಉಳುವ ಪ್ರಾಣಿಗಳನ್ನು ಬಿಟ್ಟರೆ ಅವುಗಳ ಮೇವಿನ ಭೂಮಿ ಉಳಿಯುತ್ತದೆ ಎಂಬ ಮಾತು ಬೇರೆ ಕಡೆ ನಿಜವಿರಬಹುದು, ನಮ್ಮಲ್ಲಿ ಅಲ್ಲ. ಅಮೆರಿಕದಲ್ಲಿ 1920ರ ಸುಮಾರಿಗೆ ಎರಡೂವರೆ ಕೋಟಿಯಷ್ಟಿದ್ದ ಕುದುರೆ, ಹೇಸರಗತ್ತೆಗಳು 1960ರ ವೇಳೆಗೆ 30 ಲಕ್ಷದ ಆಸುಪಾಸಿಗೆ ಇಳಿದವು. ಅವುಗಳ ಮೇವಿಗೆಂದೇ ಓಟ್ಸ್ ಬೆಳೆಯುತ್ತಿದ್ದ ಅಪಾರ ಭೂಮಿ ಟ್ರ್ಯಾಕ್ಟರಿನಿಂದಾಗಿ ಬೇರೆ ಬೆಳೆಗೆ ಸಿಕ್ಕಿತು. ನಮ್ಮ ಎತ್ತು ತಿನ್ನುವುದು ನಾವು ಉಣ್ಣುವ ಭತ್ತದ ಹುಲ್ಲನ್ನೇ, ಮೇಯುವುದು ಬೆಟ್ಟದಲ್ಲಿ. ಎತ್ತನ್ನು ಮಾರಿದರೆ ನಮಗೆ ಒಂದು ಗುಂಟೆ ಜಮೀನೂ ಉಳಿಯುವುದಿಲ್ಲ, ಬದಲಾಗಿ ಕೊಟ್ಟಿಗೆಗೆ ಸೊಪ್ಪು, ದರಗು ಹಾಸಿ ಮಾಡುವ ಗೊಬ್ಬರ ನಿಂತು, ಅಡಿಕೆ ತೋಟಕ್ಕೆ ಲಾರಿಯಲ್ಲಿ ಗೊಬ್ಬರ ತರಿಸಬೇಕಾಗುತ್ತದೆ. ಕೊಯ್ಲಿಗೂ ದೊಡ್ಡ ಯಂತ್ರ ಬಂದಲ್ಲಿ ಹುಲ್ಲು ಪುಡಿಯಾಗಿ ಗದ್ದೆಯಲ್ಲೇ ಉಳಿದು, ಇದ್ದ ದನಗಳಿಗೂ ಮೇವಿಲ್ಲದಂತಾಗಿದೆ.

ಎತ್ತು ಸಾಕಿ ಎಂದು ರೈತರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ವರ್ಷದಲ್ಲಿ ಕೆಲವೇ ವಾರಗಳ ಉಳುಮೆಗಾಗಿ ವರ್ಷವಿಡೀ ಜೋಡಿ ಸಾಕುವುದು ಸಣ್ಣ ಹಿಡುವಳಿದಾರರಿಗೆ ಹೊರೆಯೇ ಸರಿ. ಟ್ರ್ಯಾಕ್ಟರ್ ಕೊಳ್ಳಲಾಗದವರಿಗಾಗಿ 2014-15ರಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆದ ಸರ್ಕಾರ, ಅದೇ ಬಾಡಿಗೆ ಪಟ್ಟಿಗೆ ಮಲೆನಾಡಿನ ಹೋಬಳಿಗಳಲ್ಲಿ ಎತ್ತಿನ ಜೋಡಿಯನ್ನೂ ಹೂಡುವವರನ್ನೂ ಸೇರಿಸಬೇಕು. ಜೋಡಿ ಸಾಕುವ ಮನೆಗೆ ಮೇವಿನ ಸಹಾಯಧನ ಮತ್ತು ವಿಮೆ ಸಿಗಬೇಕು, ಹೂಡುವವರಿಗೆ ಟಿಲ್ಲರ್ ಚಾಲಕರಿಗೆ ಸಮನಾದ ಕೂಲಿ ಸಿಗಬೇಕು. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಗಳು ಸೇರಿ ಹೋರಿಗಳನ್ನು ನೊಗಕ್ಕೆ ಪಳಗಿಸುವ ತರಬೇತಿ ನಡೆಸಬಹುದು. ಆ ಕೆಲಸ ಬಲ್ಲವರು ನಮ್ಮ ಕಡೆ ಊರಿಗೆ ಒಬ್ಬಿಬ್ಬರು ಉಳಿದಿದ್ದು, ಅವರಿಗೂ ವಯಸ್ಸಾಗಿರುವುದರಿಂದ ಬರುವ ಮುಂಗಾರಿಗೆ ಮೊದಲೇ ಒಂದೆರಡು ಹೋಬಳಿಗಳಲ್ಲಾದರೂ ಇದನ್ನು ಆರಂಭಿಸಬೇಕೆಂದು ಕೃಷಿ ಇಲಾಖೆಯನ್ನು ವಿನಂತಿಸುತ್ತೇನೆ.

– ಒಬ್ಬ ರೈತ, ತೀರ್ಥಹಳ್ಳಿ ತಾಲ್ಲೂಕು