ಕುಡಿಯುವ ನೀರಿನ ಪಾಲು ಮೊದಲೇ ಎತ್ತಿಡಿ

ತುಂಗಭದ್ರಾ ಜಲಾಶಯ ತುಂಬಿದಾಗಲೇ ಬೇಸಿಗೆಯ ಕುಡಿಯುವ ನೀರನ್ನು ಬೇರೆಯಾಗಿ ಎತ್ತಿಡಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮಳೆಯೇ ಕಡಿಮೆ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ನಿಲ್ಲುವುದು ಸುಮಾರು 105 ಟಿಎಂಸಿ ಅಡಿ ಮಾತ್ರ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಗಿ ಎಷ್ಟೊಂದು ನೀರು ನದಿಪಾಲಾಯಿತು!

ಎರಡನೇ ಬೆಳೆಗೆ ನೀರು ಕೇಳುವ ರೈತರದ್ದೂ ಬದುಕೇ ಅಲ್ವಾ? ಅವರ ಬೇಡಿಕೆ ತಪ್ಪಲ್ಲ. ಆದರೆ ಲೆಕ್ಕವಿಲ್ಲದೆ ಬಿಟ್ಟರೆ ಏಪ್ರಿಲ್, ಮೇ ಹೊತ್ತಿಗೆ ಕಾಲುವೆಯ ಕೊನೆಭಾಗದ ಊರುಗಳ ಕೆರೆಗಳಲ್ಲಿ ಪಾಚಿಗಟ್ಟಿದ ತಳದ ನೀರಷ್ಟೇ ಉಳಿಯುತ್ತದೆ. ಜನ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯಬೇಕಾಗುತ್ತದೆ.

ನೀರಾವರಿ ಸಲಹಾ ಸಮಿತಿಯು ಮೊದಲು ಜೂನ್‌ವರೆಗಿನ ಕುಡಿಯುವ ನೀರಿನ ಲೆಕ್ಕ ಹಾಕಿ, ಅದನ್ನು ಜನರಿಗೂ ತಿಳಿಸಲಿ. ಉಳಿದದ್ದನ್ನು ಬೆಳೆಗೆ ಹಂಚಲಿ.